ಜೋಡಿ ಮನೆಯ ಒಡಪು

ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುವಾಗ ಮಾತಾಡಬಾರದು ಎಂದು ನಮ್ಮ ಆಯಿ, ಅಪ್ಪನ ಅವ್ವ, ಹೇಳುತ್ತಿದ್ದಳು. ಬಿಳಿ ಎಳ್ಳಿನ ಹಾಗೆ ಅದು ಬಣ್ಣ ಬದಲಿಸಿ ಸೂಚನೆ ಕೊಡುವುದಿಲ್ಲ. ಹುಟ್ಟುತ್ತಲೇ ಕರಿಯದು, ಹೊತ್ತಿದರೂ ಕರಿಯದೇ. ಮೂಗೊಂದೇ ಗತಿ. ಇವತ್ತು ಬೆಳಿಗ್ಗೆ ನನ್ನ ಮೂಗು ಜಾಗದಲ್ಲಿಯೇ ಇತ್ತು, ಲಕ್ಷ್ಯ ಮಾತ್ರ ಇರಲಿಲ್ಲ. ಯಾಕೆಂದರೆ ನನ್ನ ತಂಗಿಯ ಮಗಳು ಸುಮಾ ಒಲೆಯ ಪಕ್ಕ ನಿಂತು, "ದೊಡ್ಡವ್ವಾ, ನಾ ಲೆಸ್ಬಿಯನ್ ಅದೇನಿ," ಎಂದಳು. ಸವುಟು ಹಿಡಿದುಕೊಂಡು ನಾನು ಅವಳ ಮುಖ ನೋಡುತ್ತ ನಿಂತೆ. ಗುರೆಳ್ಳು ತನ್ನ ಪಾಡಿಗೆ ತಾನು ಹೊತ್ತಿತು.

ಸುಮಾ ರಾಮದುರ್ಗದ ದನದ ದವಾಖಾನೆಯಲ್ಲಿ ಡಾಕ್ಟರು. ಒದೆಯುವ ಎಮ್ಮೆಗೆ ಇಂಜೆಕ್ಷನ್ ಚುಚ್ಚುವಾಗಲೂ ಅಲುಗದ ಅವಳ ಕೈ ಇವತ್ತು ಉಪ್ಪಿನ ಡಬ್ಬಿಯ ಮುಚ್ಚಳವನ್ನು ಸುಮ್ಮಸುಮ್ಮನೆ ತೆಗೆದು ಹಾಕುತ್ತಿತ್ತು. ಮುಂದಿನ ವಾರ ಅವಳನ್ನು ನೋಡಲು ಸವದತ್ತಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಅವ್ವನಿಗೆ ಹೇಳಬೇಕು. ಅವ್ವ, ಅಂದರೆ ನನ್ನ ತಂಗಿ ಶಾಂತಾ, ಬೈಲಹೊಂಗಲದ ಪೇಟೆಗೆ ಹೋಗಿದ್ದಳು. ಸೀದಾ ನಮ್ಮ ಮನೆಗೇ ಬರುವವಳಿದ್ದಳು.

"ಅವ್ವಗ ಏನಂತ ಹೇಳಬೇಕ? ಪೇಪರಿನ್ಯಾಗ ಸಲಿಂಗಿ ಅಂತ ಬರೀತಾರ. ಅದನ್ನ ಓದಿದ್ರ ಕೋರ್ಟಿನ್ಯಾಗ ನನ್ನ ಹೆಸರ ಕೂಗಿದಂಗ ಆಗತೈತಿ."

"ಈ ಲೆಸ್ಬಿಯನ್ ಅಂದ್ರರ ಏನ?" ಎಂದೆ. ಗೊತ್ತಿಲ್ಲ ಅಂತಲ್ಲ, ಟಿವಿ ನಮ್ಮ ಮನೆಯಲ್ಲೂ ಇದೆ. ಆದರೆ ಟಿವಿಯವರು ಹೇಳುವುದಕ್ಕೂ ಮನೆಮಗಳು ಹೇಳುವುದಕ್ಕೂ ಫರಕು ಇರುತ್ತದೆ.

"ಹೆಣ್ಣಿನ ಮ್ಯಾಲ ಮನಸಿಟ್ಟ ಹೆಣ್ಣು. ಅಷ್ಟ. ಗ್ರೀಸ್ ದೇಶದಾಗ ಲೆಸ್ಬೋಸ್ ಅಂತ ಒಂದ ನಡುಗಡ್ಡಿ ಐತಿ. ಹಿಂದಕ ಅಲ್ಲೆ ಒಬ್ಬಾಕಿ ಹೆಂಗಸರ ಮ್ಯಾಲ ಪ್ರೀತಿ ಹಾಡ ಕಟ್ಟಿದ್ಲಂತ. ಆ ಊರ ಹೆಸರ ನಮಗೆಲ್ಲಾ ಬಿತ್ತು. ಕಾಲೇಜಿನ್ಯಾಗ ಇದನ್ನ ಬೈಗಳಾ ಮಾಡಿ ಒಗೀತಿದ್ರು. ನಾ ಅದನ್ನ ತೊಳದು ಉಟಗೊಂಡೇನಿ."

ಊರ ಹೆಸರು ಎಂದ ಕೂಡಲೇ ನನಗೆ ತುಸು ಸಮಾಧಾನವಾಯಿತು. ನೀವೇ ನೋಡಿ, ನಮ್ಮ ಸೀಮೆಯಲ್ಲಿ ಅಡ್ಡಹೆಸರೆಂದರೆ ಊರೇ ತಾನೆ? ಹೂಲಿಯವರು, ಸಂಪಗಾಂವಿಯವರು, ಕಿತ್ತೂರವರು. ನಮ್ಮ ಓಣಿಯ ಹೂಲಿಯವರಲ್ಲಿ ಒಬ್ಬರೂ ಆ ಊರಿನ ಹಳೇ ಗುಡಿಗಳನ್ನು ಕಣ್ಣಿಂದ ಕಂಡವರಲ್ಲ. ಆದರೂ ಅವರ ಮುತ್ಯಾನ ಕಾಲದಿಂದ ಅವರು ಹೂಲಿಯವರೇ. ಕಾಣದ ನಡುಗಡ್ಡೆಯ ಹೆಸರನ್ನು ನಮ್ಮ ಹುಡುಗಿ ಇಟ್ಟುಕೊಂಡರೆ ಅದರಲ್ಲೇನು ಸೋಜಿಗ?

ಆದರೂ ನಾನು ಹಿರಿಯಳಲ್ಲವೆ? ಬುದ್ಧಿ ಹೇಳದಿದ್ದರೆ ತಿಂದದ್ದು ಕರಗುವುದಿಲ್ಲ. "ಇದಕ್ಕೆಲ್ಲಾ ಹೆಸರ ಯಾಕ ಬೇಕವಾ? ನಮ್ಮ ಕಾಲಕ್ಕ ಹೆಸರಿಲ್ಲದ ನಡೀತಿತ್ತು. ಜೋಡಿ ಮನಿ ಕತಿ ಕೇಳ," ಎಂದು ಒಲೆ ಆರಿಸಿ ಕುಳಿತೆ.

ನಮ್ಮ ತವರು ಸಂಪಗಾಂವ. ಅಲ್ಲಿ ನಮ್ಮ ಓಣಿಯ ಕೊನೆಗೆ ಜೋಡಿ ಮನೆ. ನೀಲವ್ವ ಗಂಡನ ಮನೆಯಿಂದ ಸೀರೆಯ ಗಂಟಿನೊಂದಿಗೆ ತಿರುಗಿ ಬಂದವಳು. ಗಂಗವ್ವ ಮದುವೆಯನ್ನೇ ಒಲ್ಲೆನೆಂದವಳು. ಮನೆ ಗಂಗವ್ವನ ಅಪ್ಪನದು. ಇಬ್ಬರೂ ಸೇರಿ ಊರಿನ ಹೆಂಗಸರಿಗೆಲ್ಲ ಕುಬಸ ಹೊಲಿಯುತ್ತಿದ್ದರು. ನೀಲವ್ವ ಮಷಿನ್ ತುಳಿದರೆ ಗಂಗವ್ವ ಅಂಚು ಮಡಿಚಿ ಹುಕ್ಕು ಹಚ್ಚುವಳು. ಊಟ ಒಂದೇ ತಾಟಿನಲ್ಲಿ. ಬೈಲಹೊಂಗಲದ ಸಂತೆಗೆ ಹೊರಟರೆ ಒಂದೇ ಕೊಡೆ, ಬಿಸಿಲಿರಲಿ ಬಿಡಲಿ. ಇಬ್ಬರಿಗೂ ಜಗಳವಾದರೆ ಗಂಗವ್ವ ಹುಕ್ಕು ಹಚ್ಚದೆ ಮುಖ ತಿರುವಿ ಕೂಡುತ್ತಿದ್ದಳು. ಆಗ ಇಡೀ ಊರಿನ ಹೆಂಗಸರು ಪಿನ್ನು ಚುಚ್ಚಿಕೊಂಡು ದಿನ ನೂಕಬೇಕು. ಹೀಗಾಗಿ ಅವರನ್ನು ರಾಜಿ ಮಾಡಿಸುವುದು ಊರವರೆಲ್ಲರ ಕೆಲಸವಾಗಿತ್ತು. ಬೆನ್ನ ಹಿಂದೆ ನಾಲಿಗೆ ಹರಿಬಿಡುವವರು ಇರಲಿಲ್ಲವೆಂದಲ್ಲ. ಅವರೂ ಕುಬಸ ಹೊಲಿಸುತ್ತಿದ್ದುದು ಅಲ್ಲಿಯೇ.

ಇಲ್ಲಿ ಒಡಪಿನ ಮಾತು ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಮದುವೆಯಲ್ಲೋ ತೊಟ್ಟಿಲು ಕಾರ್ಯದಲ್ಲೋ ನಾಲ್ಕು ಜನ ಸೇರಿ "ಹೆಸರ ಹೇಳ" ಎಂದು ಕಾಡಿದಾಗ, ಎರಡು ಸಾಲು ಹಾಡಿನಂತೆ ಕಟ್ಟಿ, ಅದರಲ್ಲಿ ಹೆಸರು ಅಡಗಿಸಿ ಹೇಳಬೇಕು. ಅದೇ ಒಡಪು. ನನ್ನ ಗಂಡನ ಹೆಸರು ಶಿವಪುತ್ರಪ್ಪ. ಆ ಹೆಸರನ್ನು ಒಂದು ಸಾಲಿನಲ್ಲಿ ಕೂಡಿಸುವುದೆಂದರೆ ಸಣ್ಣ ಡಬ್ಬಿಯಲ್ಲಿ ದೊಡ್ಡ ಕುಂಬಳಕಾಯಿ ತುರುಕಿದ ಹಾಗೆ. ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿದಾಗ ನಾನು ಕಲಿತದ್ದೆಲ್ಲ ಮರೆತು, ಪೋಸ್ಟಿನವನ ಹಾಗೆ ಹೆಸರೊಂದನ್ನೇ ಕೂಗಿ ಒಳಗೆ ನುಗ್ಗಿದ್ದೆ. ಅವರು ಇವತ್ತಿಗೂ ಅದನ್ನು ನೆನೆಸಿ ನಗುತ್ತಾರೆ.

ಶಾಂತಾಳ ತೊಟ್ಟಿಲು ಕಾರ್ಯದ ದಿನ ನಾನು ಸಾಲಿಗೆ ಹೋಗುವ ಹುಡುಗಿ. ಜೋಡಿ ಮನೆಯವರೇ ಹೊಲಿದ ಕುಂಚಿಗೆ ಹಾಕಿಕೊಂಡು ಶಾಂತಾ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಳು. ಎಲ್ಲರ ಒಡಪೂ ಮುಗಿಯಿತು. ಕಿತ್ತೂರಿನಿಂದ ಬಂದಿದ್ದ ಬೀಗತಿಯೊಬ್ಬಳು ಏನೂ ಅರಿಯದೆ ನೀಲವ್ವನ ಕಡೆ ತಿರುಗಿ, "ನೀವೊಬ್ರ ಉಳದೀರಿ ನೋಡ್ರಿ, ಹೇಳ್ರಿ ಯಜಮಾನ್ರ ಹೆಸರ," ಎಂದಳು. ಗಂಗವ್ವ ತನ್ನ ಬಳೆಗಳನ್ನೇ ನೋಡುತ್ತ ಕುಳಿತಳು. ನೀಲವ್ವ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು:

"ಸೂಜಿ ಹಿಂದ ದಾರ, ದಾರದ ತುದಿಗಿ ಗಂಟ,
ಗಂಗವ್ವನ ಹೆಸರ ಹೇಳತೇನಿ, ಬಿಡಲಾರದ ನಂಟ."

ಕಿತ್ತೂರಿನವಳ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಎಲ್ಲರೂ ಆಯಿಯ ಮುಖ ನೋಡಿದರು. ಆಯಿ, "ಹೆಸರ ಹೇಳ್ಯಾಳಲಾ, ಮತ್ತೇನ ನೋಡತೀರಿ? ಉಡಿ ತುಂಬ್ರಿ, ಇಬ್ಬರಿಗೂ," ಎಂದಳು. ಆಮೇಲೆ ಎದ್ದ ನಗು ಪಡಸಾಲೆಯನ್ನು ತುಂಬಿತು. ಗಂಗವ್ವನ ಮುಖ ಹಣೆಯ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಅಷ್ಟು ಚೆಂದದ ಮುಖವನ್ನು ನಾನು ಆಮೇಲೆ ಮದುಮಕ್ಕಳಲ್ಲೂ ಕಂಡಿಲ್ಲ.

"ನೋಡಿದಿ, ಹೆಸರಿಲ್ಲದ ಹೆಂಗ ನಡೀತು!" ಎಂದು ನಾನು ಗೆದ್ದವಳಂತೆ ಸುಮಾಳನ್ನು ನೋಡಿದೆ.

"ಮುಂದ ಅವರಿಗೇನಾತು ದೊಡ್ಡವ್ವಾ?"

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕತೆ ಒಡಪಿಗೇ ಮುಗಿಯುತ್ತಿತ್ತು, ಎಲ್ಲರೂ ನಕ್ಕು ಏಳುತ್ತಿದ್ದರು. ಮುಂದಿನದು ಇಷ್ಟೇ. ಆಯಿ ಹೋದ ಕೆಲವು ವರ್ಷಕ್ಕೆ ಗಂಗವ್ವ ಜ್ವರ ಬಂದು ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಅವಳ ಕಾಕಾನ ಮಕ್ಕಳು ಮನೆಗೆ ಕೀಲಿ ಹಾಕಿ, ಅಂಗಳದಲ್ಲಿ ನಿಂತಿದ್ದ ನೀಲವ್ವನನ್ನು, "ನೀ ಆಕಿಗೆ ಏನಾಗಬೇಕ?" ಎಂದು ಕೇಳಿದರು. ನೀಲವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಓಣಿಯವರೆಲ್ಲ ಅಲ್ಲಿಯೇ ಇದ್ದರು. ತೊಟ್ಟಿಲಿನ ದಿನ ನಕ್ಕವರೂ ಇದ್ದರು. ಅವಳ ಪರವಾಗಿ ಹೇಳಲು ಯಾರ ಹತ್ತಿರವೂ ಒಂದು ಶಬ್ದವಿರಲಿಲ್ಲ. ಮಷಿನ್ನನ್ನು ಚಕ್ಕಡಿಯಲ್ಲಿಟ್ಟುಕೊಂಡು ಅವಳು ದೇಗಾಂವದ ನೆಂಟರ ಮನೆಗೆ ಹೋದಳು. ಕೊಡೆ ಒಳಗೇ ಉಳಿಯಿತು.

ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಸುಮಾ ನನ್ನ ಕೈ ಹಿಡಿದು, "ಅದಕ್ಕ ದೊಡ್ಡವ್ವಾ, ನನಗ ಹೆಸರ ಬೇಕು," ಎಂದಳು. ನನ್ನ ಬುದ್ಧಿಮಾತೆಲ್ಲ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಶಾಂತಾ, "ಏನ ಹೊತ್ತಸಿದಿ ಅಕ್ಕಾ, ಓಣಿ ತುಂಬ ವಾಸನಿ!" ಎನ್ನುತ್ತ ಚೀಲ ಹಿಡಿದು ಒಳಗೆ ಬಂದಳು. ಸುಮಾ ಎದ್ದು ನಿಂತು ಹೇಳಿಬಿಟ್ಟಳು, ಆ ಶಬ್ದವನ್ನೂ ಅದರ ಅರ್ಥವನ್ನೂ. "ರಾಮದುರ್ಗದಾಗ ನನ್ನ ಕೂಡ ಇರ್ತಾಳಲಾ, ಕವಿತಾ. ಆಕಿನ ನನ್ನಾಕಿ."

ಶಾಂತಾ ಮಣೆಯ ಮೇಲೆ ಕುಸಿದಳು. ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. "ಮಂದಿ ಏನಂದಾರು ಅಕ್ಕಾ?"

"ಮಂದಿ ನಿನ್ನ ತೊಟ್ಟಿಲದಾಗ ನಕ್ಕರು, ನೀಲವ್ವನ ಅಂಗಳದಾಗ ಸುಮ್ಮ ನಿಂತರು. ನೀ ಎಲ್ಲೆ ನಿಂದ್ರತಿ ಹೇಳ," ಎಂದೆ.

ನೀಲವ್ವನನ್ನು ಚಕ್ಕಡಿ ಹತ್ತಿಸುವಾಗ ಶಾಂತಾ ನನ್ನ ಪಕ್ಕದಲ್ಲೇ ಇದ್ದಳು. ಈಗ ಅವಳು ಮೂಗು ಒರೆಸಿಕೊಂಡು, "ಸವದತ್ತಿಯವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡತೇನಿ," ಎಂದಳು. ಮಗಳನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಆ ಶಬ್ದ ಇನ್ನೊಮ್ಮೆ ಹೇಳ. ನಾಳೆ ಯಾರರ ಬಂದು, ಕವಿತಾ ನಿನ್ನ ಮಗಳಿಗೆ ಏನಾಗಬೇಕ ಅಂತ ಕೇಳಿದ್ರ, ನನಗ ಬಾಯಿಪಾಠ ಇರಬೇಕ."

ಸುಮಾ ಹೇಳಿದಳು. ಶಾಂತಾ ಅಂದಳು, ತಡವರಿಸಿದಳು, ಮತ್ತೆ ಅಂದಳು. ನಾನು ಹೊತ್ತಿದ್ದನ್ನು ಚೆಲ್ಲಿ ಬೇರೆ ಗುರೆಳ್ಳು ಹಾಕಿದೆ. ಈ ಸಲ ಮೂವರೂ ಮಾತಾಡುತ್ತಲೇ ಹುರಿದೆವು.