ಆರನೇ ಅಧ್ಯಾಯದ ಜಾಗ

ವಾಡಿಯ ಸ್ಟೇಷನ್ ರಸ್ತೆಯಲ್ಲಿರುವ ನಮ್ಮ ಡಿಟಿಪಿ ಅಂಗಡಿಗೆ ಹೊಸದಾಗಿ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಒಳಗಿನಿಂದ ಹೆಂಗಸೊಬ್ಬಳು ಯಾರನ್ನೋ ಗದರುವುದು ಕೇಳಿಸುತ್ತಿತ್ತು. “ಯಾರು? ಯಾರಂದ್ರು ನಿನಗ? ಹೆಸರಿಲ್ಲೇನು ಅವ್ರಿಗೆ?” ಜಗಳ ಬಿಡಿಸೋಣವೆಂದು ಇಣುಕಿದರೆ ಅಲ್ಲಿ ಝುಬೇದಾ ಆಪಾ ಒಬ್ಬರೇ ಕೂತಿರುತ್ತಿದ್ದರು. ಎದುರಿಗೆ ಕರಡಚ್ಚಿನ ಹಾಳೆಗಳು. ಬೈಸಿಕೊಳ್ಳುತ್ತಿದ್ದವರು ಯಾವುದೋ ಊರಿನ ದೊಡ್ಡ ಪ್ರಾಧ್ಯಾಪಕರು. ಪುಣ್ಯಕ್ಕೆ ಅವರು ಅಲ್ಲಿರುತ್ತಿರಲಿಲ್ಲ.

ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುವ ಅವರು ಶಹಾಬಾದದವರು. ಕಲಬುರಗಿಯ ಪ್ರಕಾಶಕರೊಬ್ಬರು ಹೊರತರುವ ಪಾಂಡಿತ್ಯದ ಪುಸ್ತಕಗಳನ್ನು ತಿದ್ದಿ ಸಂಪಾದಿಸಿ ಕೊಡುವುದು ಅವರ ಉದ್ಯೋಗ. ಅದೇ ಪುಸ್ತಕಗಳ ಅಕ್ಷರ ಜೋಡಿಸಿ ಪುಟ ಕಟ್ಟುವುದು ನನ್ನ ಉದ್ಯೋಗ. ಹೀಗಾಗಿ ವಾರಕ್ಕೆ ಎರಡು ಸಲವಾದರೂ ಅವರು ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಬಂದು, ನನ್ನ ಕಂಪ್ಯೂಟರಿನ ಪಕ್ಕದ ಕುರ್ಚಿಗೆ ಬುತ್ತಿಯ ಚೀಲ ತೂಗುಹಾಕಿ, ಮುಡಿಯಲ್ಲಿ ಸಿಕ್ಕಿಸಿದ್ದ ಪೆನ್ನು ಎಳೆದುಕೊಳ್ಳುತ್ತಿದ್ದರು. ಪೆನ್ನಿನ ಶಾಯಿ ಹಸಿರು. ಕೆಂಪು ಯಾಕೆ ಬೇಡ ಎಂದು ಕೇಳಿದ್ದಕ್ಕೆ, “ಅವ್ರೇನು ಪರೀಕ್ಷಾದಾಗ ನಪಾಸಾದ ಹುಡುಗ್ರೇನೋ? ಮನಸ್ಯಾರಿದ್ದಾರ” ಎಂದಿದ್ದರು. ಬಾಯಲ್ಲಿ ಇಷ್ಟು ಕರುಣೆ ಇದ್ದರೂ ಹಾಳೆಯ ತುಂಬ ಹಸಿರು ಬೆಳೆ ಬೆಳೆದಿರುತ್ತಿತ್ತು.

ವಿದ್ವಾಂಸರಿಗೆ ‘ಎಂದು ಹೇಳಲಾಗುತ್ತದೆ’, ‘ಎಂದು ಭಾವಿಸಲಾಗಿದೆ’ ಎಂದು ಬರೆಯುವ ಚಟ. ಆಪಾ ಅವರಿಗೆ ಅದು ಕಂಡರೆ ಮೈಯೆಲ್ಲ ಉರಿ. “ನೋಡು ಶರಣು, ಇಲ್ಲಿ ಕೂಲಿಯವ್ರನ್ನ ಕೆಲಸದಿಂದ ತೆಗೆಯಲಾಯಿತು ಅಂತ ಬರದಾರ. ಹಲ್ಲು ಉದುರಿದಂಗ ತಾವೇ ಉದುರಿದ್ರೇನು? ತಗದಾಂವ ಒಬ್ಬ ಇರಬೇಕಲ್ಲ. ಅಂವ ಎಲ್ಲಿ ಅಡಗ್ಯಾನ?” ಎಂದು ನನ್ನನ್ನೇ ಕೇಳುವರು. ನನಗೇನು ಗೊತ್ತು? ಅಂಚಿನಲ್ಲಿ ‘ಯಾರು?’ ಎಂದು ಬರೆದು ಹಾಳೆ ವಾಪಸು ಕಳಿಸುವರು. ಉತ್ತರ ಬಾರದೆ ಪುಸ್ತಕ ಮುಂದೆ ಹೋಗುತ್ತಿರಲಿಲ್ಲ. ಲೇಖಕರ ಬಳಗದಲ್ಲಿ ಅವರಿಗೆ ‘ಯಾರು ಮೇಡಂ’ ಎಂದೇ ಹೆಸರು. ಅದು ಅವರ ಕಿವಿಗೂ ಬಿದ್ದಿತ್ತು, ಖುಷಿಯೂ ಆಗಿತ್ತು.

ಇಷ್ಟೆಲ್ಲ ದುಡಿದರೂ ಯಾವ ಪುಸ್ತಕದಲ್ಲೂ ತಮ್ಮ ಹೆಸರು ಹಾಕಲು ಬಿಡುತ್ತಿರಲಿಲ್ಲ. “ಕೂಸು ಅವ್ರದು. ನಾ ಎರದು ಪೌಡರ್ ಹಚ್ಚೀನಿ, ಅಷ್ಟೇ” ಎನ್ನುವರು.

ಸಮಾರಂಭಗಳಲ್ಲಿ ಅವರ ಪಕ್ಕ ಕೂರುವುದೇ ಒಂದು ಮಜಾ. ಯಾರಾದರೂ ಹಿರಿಯರು ಬಂದು, “ಮುಸಲ್ಮಾನ್ರಾಗಿನೂ ಕನ್ನಡ ಎಷ್ಟು ಛಲೋ ಮಾತಾಡ್ತೀರಿ ಮೇಡಂ” ಎಂದು ಹೊಗಳುವುದು ಇದ್ದದ್ದೇ. ಆಪಾ ಅವರ ಮುತ್ತಜ್ಜನ ಕಾಲದಿಂದಲೂ ಶಹಾಬಾದದ ಪೇಟೆಯಲ್ಲಿ ಬಳೆ ಅಂಗಡಿ. ಗಿರಾಕಿಗಳ ಜೊತೆ ಕನ್ನಡ, ಮನೆಯಲ್ಲಿ ಉರ್ದು ಆಡುತ್ತಲೇ ಬೆಳೆದವರು. ಅವರು ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ, “ನಿಮ್ಮದೂ ಸುಧಾರಸಲಿಕತ್ತದ್ರಿ. ಹಿಂಗೇ ದಿನಾ ಜರಾ ಜರಾ ಓದ್ರಿ” ಎನ್ನುತ್ತಿದ್ದರು. ಹಿರಿಯರು ಥ್ಯಾಂಕ್ಸ್ ಹೇಳಿ, ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ನೋಡುತ್ತಿದ್ದರು.

ರವಿವಾರ ಮಾತ್ರ ಆಪಾ ಪುಸ್ತಕ ಮುಟ್ಟುತ್ತಿರಲಿಲ್ಲ. ಗಾಳ ಹಿಡಿದು ಕಾಗಿಣಾ ನದಿಯ ದಂಡೆಗೆ ಹೋಗುವರು. ಹೆಣ್ಣುಮಗಳು ಗಂಡಸರ ನಡುವೆ ಗಾಳ ಹಾಕಿ ಕೂರುವುದೇನು ಎಂದು ಓಣಿಯಲ್ಲಿ ಮಾತಾಗಿತ್ತು. “ಗಂಡಸ್ರ ಗಾಳಕ್ಕಷ್ಟೇ ಬೀಳ್ರಿ ಅಂತ ಕಾಗಿಣಾ ಮೀನಿಗೆ ಹೇಳ್ಯಾಳೇನು?” ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಆದರೆ ಮೀನೂ ಓಣಿಯವರ ಪಕ್ಷವೇ ವಹಿಸಿತ್ತೋ ಏನೋ, ಅವರ ಗಾಳಕ್ಕೆ ಬಿದ್ದದ್ದು ಕಡಿಮೆ. ಬರುವಾಗ ಪೇಟೆಯಲ್ಲಿ ಕೊಂಡು ತರುವರು. ಕೇಳಿದವರಿಗೆ, “ಪ್ಯಾಟ್ಯಾಗ ಹಿಡದೆ” ಎಂದು ನಗುವರು.

ಮಲ್ಲಮ್ಮನ ಪುಸ್ತಕ ಬಂದದ್ದು ಹೀಗಿರುವಾಗ. ಮಲ್ಲಮ್ಮ ಭಂಕೂರಿನ ಹುಡುಗಿ, ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಪಾಲಿಶ್ ಮಾಡುವ ಮಷೀನುಗಳಲ್ಲಿ ದುಡಿಯುವ ಹೆಂಗಸರ ಮೇಲೆ ಪಿಎಚ್.ಡಿ. ಮಾಡಿದ್ದಳು. ಅವಳ ಅವ್ವನೂ ಅಲ್ಲೇ ದುಡಿದವಳು. ಪುಸ್ತಕದ ಆರನೇ ಅಧ್ಯಾಯ ಪೂರ್ತಿ ಕೆಮ್ಮಿನದು. ಕಲ್ಲಿನ ಧೂಳು ಎದೆಗಿಳಿದ ಮೇಲೆ ಬದುಕು ಹೇಗಾಯಿತೆಂದು ಆ ಹೆಂಗಸರೇ ತಮ್ಮ ಬಾಯಿಂದ, ತಮ್ಮ ತಮ್ಮ ಹೆಸರಿನೊಂದಿಗೆ ಹೇಳಿದ್ದರು. ಆ ಅಧ್ಯಾಯದ ಅಂಚಿನಲ್ಲಿ ಆಪಾ ಒಂದು ಕಡೆಯೂ ‘ಯಾರು?’ ಎಂದು ಬರೆಯಲಿಲ್ಲ.

ಪುಟವೆಲ್ಲ ಕಟ್ಟಿ ಮುಗಿದಿದ್ದಾಗ ಪ್ರಕಾಶಕರು ಮಲ್ಲಮ್ಮನನ್ನು ಕರೆದುಕೊಂಡು ಅಂಗಡಿಗೇ ಬಂದರು. ಅಚ್ಚಿನ ಖರ್ಚು ವಹಿಸಿಕೊಂಡವರು ಪಾಲಿಶ್ ಮಷೀನುಗಳ ಮಾಲೀಕರೊಬ್ಬರು. ಬಿಡುಗಡೆಗೂ ಅವರೇ ಮುಖ್ಯ ಅತಿಥಿ, ಮಲ್ಲಮ್ಮನ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರೇ. ಆರನೇ ಅಧ್ಯಾಯ ಬೇಡವೆಂದು ಅವರು ಹೇಳಿ ಕಳಿಸಿದ್ದರು. ಮಲ್ಲಮ್ಮ ಆಗಲೇ ಹೂಂ ಎಂದು ತಲೆ ಆಡಿಸಿ ಬಂದಿದ್ದಳು.

“ನನ್ನ ನೌಕರಿ ಅದ್ರಿ ಆಪಾ” ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಅವ್ವನ ಗುಳಿಗಿ, ಔಷಧ ಎಲ್ಲಾ ಅದ್ರಾಗೇ ನಡೀಲಿಕತ್ತದ.”

ಆಪಾ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. “ಅಂಜಿಕಿ ನಿನ್ನ ತಪ್ಪಲ್ಲವ್ವ. ಅಂಜಿಸಿದವ್ರ ತಪ್ಪು” ಎಂದು ಅವಳ ಕೈಗೆ ನೀರಿನ ಬಾಟಲಿ ಕೊಟ್ಟರು. ಆಮೇಲೆ ಪ್ರಕಾಶಕರ ಕಡೆ ತಿರುಗಿದರು.

“ತಗೀತೀನ್ರಿ. ಆದ್ರ ಎರಡು ಮಾತು. ಪುಟದ ನಂಬರ್, ಅಧ್ಯಾಯದ ನಂಬರ್ ಒಂದೂ ಬದಲು ಮಾಡಂಗಿಲ್ಲ. ಐದರ ಮುಂದ ಏಳೇ ಇರಬೇಕು. ಮತ್ತ ಈ ಪುಸ್ತಕದಾಗ ನನ್ನ ಹೆಸರು ಹಾಕಬೇಕು.”

ಪ್ರಕಾಶಕರಿಗೆ ಬೀಸುವ ದೊಣ್ಣೆ ತಪ್ಪಿದ ಸಮಾಧಾನ. “ಹೆಸರು ದೊಡ್ಡದೇ ಹಾಕ್ಕೋರಿ ಮೇಡಂ. ನಂಬರ್ ಏನು, ಯಾರು ನೋಡ್ತಾರ್ರಿ ಅದನ್ನ!” ಎಂದು ನಕ್ಕು ಚಹಾ ಕುಡಿದು ಹೋದರು.

ಅವರು ಹೋದ ಮೇಲೆ ನಾನು ಆಪಾ ಅವರನ್ನು ಕೇಳಿದೆ. ಇಷ್ಟು ವರ್ಷ ಬೇಡವೆಂದ ಹೆಸರು ಈಗ ಯಾಕೆ?

“ನಾಳೆ ಯಾರ ತಪ್ಪಿದು ಅಂತ ಕೇಳ್ತಾರ. ಈ ಹುಡುಗಿನ್ನ ಹಿಡೀಬಾರದು, ನಿನ್ನ ಹಿಡೀಬಾರದು. ಕೇಳಿದವ್ರಿಗೆ ನನ್ನ ಮನಿ ತೋರ್ಸು” ಎಂದರು. “ಹರದಿದ್ದು ಹರದಂಗೇ ಕಾಣಬೇಕು ಶರಣು. ತ್ಯಾಪಿ ಹಚ್ಚೋ ಕೆಲಸ ನನ್ನಿಂದ ಆಗಂಗಿಲ್ಲ.”

ನನ್ನ ಕೈಯಿಂದಲೇ ಆರನೇ ಅಧ್ಯಾಯ ತೆಗೆಸಿದರು. ಎರಡನೇ ಪುಟದಲ್ಲಿ ‘ಸಂಪಾದನೆ: ಝುಬೇದಾ ಬೇಗಂ, ಶಹಾಬಾದ’ ಎಂದು ಹಾಕಿಸಿ, ಪುಸ್ತಕವನ್ನು ಅಚ್ಚಿಗೆ ಕಳಿಸುವ ಸಹಿ ತಾವೇ ಮಾಡಿದರು. ಮಲ್ಲಮ್ಮನನ್ನು ಕೇಳಿ, ತೆಗೆದ ಹಾಳೆಗಳನ್ನು ಬುತ್ತಿಯ ಚೀಲದಲ್ಲಿಟ್ಟುಕೊಂಡು ಗಾಡಿ ಹತ್ತಿದರು.

ಬಿಡುಗಡೆ ಶಹಾಬಾದದಲ್ಲೇ ಆಯಿತು. ಭಾಷಣ, ಹಾರ, ಶಾಲು ಎಲ್ಲ ಸುಸೂತ್ರ ನಡೆದಿತ್ತು. ಮುಂದಿನ ಸಾಲಿನ ನಿವೃತ್ತ ಮಾಸ್ತರರೊಬ್ಬರು ಕೂತಲ್ಲೇ ಪುಟ ತಿರುವುತ್ತಿದ್ದವರು ಎದ್ದು ನಿಂತು, “ನನ್ನ ಪುಸ್ತಕದಾಗ ನಡುವಿನ ಪುಟ ಇಲ್ರಿ. ಬ್ಯಾರೆ ಕೊಡ್ರಿ” ಎಂದರು. ಹಿಂದಿನಿಂದ ಇನ್ನೊಬ್ಬರು, “ನನ್ನದ್ರಾಗೂ ಇಲ್ರಿ” ಎಂದರು. ಸಭೆಯಲ್ಲೆಲ್ಲ ಪುಟ ತಿರುವುವ ಸಪ್ಪಳ. ಮುಖ್ಯ ಅತಿಥಿಗಳೂ ತಮ್ಮ ಪ್ರತಿ ತಿರುವಿ ನೋಡಿದರು. ಪ್ರಕಾಶಕರು ವೇದಿಕೆಯಿಂದಲೇ, “ಬೈಂಡಿಂಗ್ ತಪ್ಪಾಗ್ಯದ” ಎಂದು ನನ್ನ ಕಡೆ ಕಣ್ಣು ಬಿಟ್ಟರು.

ಆಪಾ ಎದ್ದು ನಿಂತರು. ಮೈಕು ಯಾರೂ ಕೊಡಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. “ತಪ್ಪಲ್ರಿ. ಅಲ್ಲಿ ಕೆಮ್ಮಿನ ಅಧ್ಯಾಯ ಇತ್ತು. ತಗೀರಿ ಅಂದ್ರು, ತಗದೀನಿ. ತಗದಾಕಿ ನಾನೇ, ಹೆಸರು ಒಳಗ ಅದ. ಜಾಗಾ ಮಾತ್ರ ಮುಚ್ಚಿಲ್ಲ.”

ಮಾಸ್ತರರು ಕೇಳಿದರು, “ತಗೀರಿ ಅಂದವ್ರು ಯಾರ್ರಿ?”

ಆಪಾ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಜೀವಮಾನವೆಲ್ಲ ತಾವೊಬ್ಬರೇ ಹಾಳೆಯ ಅಂಚಿನಲ್ಲಿ ಕೇಳುತ್ತ ಬಂದದ್ದನ್ನು ತುಂಬಿದ ಸಭೆಯಲ್ಲಿ ಇನ್ನೊಬ್ಬರು ಕೇಳಿದ್ದರು. “ಭಾಳ ಛಲೋ ಕೇಳಿದ್ರಿ ಸರ್” ಎಂದು ವೇದಿಕೆಯ ಮೇಲಿನ ಪ್ರಕಾಶಕರನ್ನೂ ಮುಖ್ಯ ಅತಿಥಿಯನ್ನೂ ಕೈ ಮಾಡಿ ತೋರಿಸಿದರು. “ಅವ್ರು ಮುಂದೇ ಕುಂತಾರ. ಕೇಳ್ರಿ. ಅಧ್ಯಾಯ ಕೇಳಬೇಕಂದವ್ರು ರವಿವಾರ ನಮ್ಮ ಮನಿಗೆ ಬರ್ರಿ, ಓದಿ ಹೇಳ್ತೀನಿ.”

ವೇದಿಕೆಯವರ ಸಿಟ್ಟೆಲ್ಲ ಆಪಾ ಅವರ ಮೇಲೆ ತಿರುಗಿತು. ಮಲ್ಲಮ್ಮನ ನೌಕರಿ ಉಳಿಯಿತು, ಪ್ರಕಾಶಕರು ಆಪಾ ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಗಾಳ ಮೂಲೆ ಸೇರಿತು. ರವಿವಾರ ಅವರ ಅಂಗಳದ ಫರ್ಸಿಯ ಮೇಲೆ ಜನ ಬಂದು ಕೂರುತ್ತಿದ್ದರು. ಹೆಚ್ಚಿನವರು ಮಷೀನಿನ ಹೆಂಗಸರೇ. ಮೊದಮೊದಲು ಆಪಾ ಓದಿದರು. ಒಂದು ರವಿವಾರ ಮಲ್ಲಮ್ಮ ತನ್ನ ಅವ್ವನನ್ನೇ ಕರೆತಂದು, ಆಪಾ ಅವರ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಓದಿದಳು. ಅವ್ವ ನಡುನಡುವೆ ಕೆಮ್ಮುತ್ತಿದ್ದಳು, ಮಲ್ಲಮ್ಮ ನಿಲ್ಲಿಸಿ ಕಾದು ಮತ್ತೆ ಓದುತ್ತಿದ್ದಳು. ಆಪಾ ಗೋಡೆಗೆ ಒರಗಿ ಕೂತು ಅತ್ತರು. ನಾನೂ ಅತ್ತೆ.

ಕೊನೆಯ ಸಲ ಅವರು ಅಂಗಡಿಗೆ ಬಂದಾಗ ಚಿಂಚೋಳಿಯ ವಿದ್ಯಾರ್ಥಿಯೊಬ್ಬನ ಪ್ರಬಂಧ ತಂದಿದ್ದರು. ಮನೆಯಲ್ಲೇ ಕೂತು ಅಂಥವನ್ನು ತಿದ್ದಿಕೊಡುತ್ತಿದ್ದರು. ದಣಿದಂತೆ ಕಂಡರು. ಪ್ರಕಾಶಕರ ಬಳಿ ಹೋಗಿ ಒಂದು ಮಾತಾಡಿ ಬರಬಾರದೇ ಎಂದೆ. “ನಾ ಯಾಕ ಹೋಗ್ಲಿ? ಅವ್ರಿಗೆ ನಂಬರ್ ಎಣಸ್ಲಿಕ್ಕೆ ಬಂದ ದಿನ ಅವ್ರೇ ಬರ್ತಾರ” ಎಂದು ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟರು. ಸ್ಟೇಷನ್‌ವರೆಗೂ ಹೋಗಿ ಗಾಡಿ ಹತ್ತಿಸಿ ಬಂದೆ. ಆ ಮಳೆಗಾಲದಲ್ಲೇ ಎದೆನೋವು ಬಂದು ತೀರಿಕೊಂಡರು. ನಮ್ಮ ಅಂಗಡಿ ಈಗ ಭಾಳ ಶಾಂತವಾಗಿದೆ. ನನಗೆ ಆ ಶಾಂತಿ ಹಿಡಿಸುವುದಿಲ್ಲ.

ಈ ವರ್ಷ ಪ್ರಕಾಶಕರು ಬಂದರು. ಪುಟ ಇಲ್ಲದ ಪುಸ್ತಕವೆಂದೇ ಹೆಸರಾಗಿ ಪ್ರತಿಗಳೆಲ್ಲ ತೀರಿ, ಎರಡನೇ ಮುದ್ರಣ ಬೇಕಾಗಿತ್ತು. ಈ ಸಲ ಮಾಲೀಕರ ದುಡ್ಡಿನ ಹಂಗಿರಲಿಲ್ಲ. ಓದುಗರು ಕೇಳಿ ಕೇಳಿ ಸಾಕುಮಾಡಿದ್ದರಿಂದ ಆರನೇ ಅಧ್ಯಾಯವನ್ನೂ ಸೇರಿಸಲು ಒಪ್ಪಿದ್ದರು. ಮಲ್ಲಮ್ಮನೇ ಹಾಳೆ ತಂದುಕೊಟ್ಟಳು. ಬಿಟ್ಟ ಜಾಗದಲ್ಲಿ ಅಧ್ಯಾಯ ಬಂದು ಕೂತಿತು. ಒಂದು ನಂಬರೂ ಬದಲಿಸಬೇಕಾಗಲಿಲ್ಲ.

“ಆ ಝುಬೇದಾ ಮೇಡಂ ಹೆಸರು ತಗದು ಬಿಡು” ಎಂದರು ಪ್ರಕಾಶಕರು. “ಈಗ ಬ್ಯಾರೆ ಸಂಪಾದಕರಿದ್ದಾರ. ಅವ್ರ ಹೆಸರು ಹಾಕು.”

“ತಗೀತೀನ್ರಿ. ಆದ್ರ ಆ ಜಾಗದಾಗ ಬ್ಯಾರೆ ಹೆಸರು ಕುಂದ್ರಸಂಗಿಲ್ಲ” ಎಂದೆ. ಒಪ್ಪದಿದ್ದರೆ ಕೆಲಸ ಬೇರೆ ಅಂಗಡಿಗೆ ಒಯ್ಯಿರಿ ಎಂದೂ ಹೇಳಿದೆ. ಹೇಳುವಾಗ ನನ್ನ ಧ್ವನಿ ಏರಿದ್ದು ನನಗೇ ಕೇಳಿಸಿತು.

ಅವರು ನನ್ನ ಮುಖವನ್ನೇ ನೋಡಿದರು. “ಆಕಿ ಹಟ ನಿನಗೂ ಹತ್ತ್ಯದಲ್ಲೋ! ಹೋಗ್ಲಿ ಬಿಡು, ಯಾರು ನೋಡ್ತಾರ ಅದನ್ನ” ಎಂದು ಎದ್ದು ಹೋದರು.

ಪುಸ್ತಕ ಈಗ ಅಂಗಡಿಗಳಲ್ಲಿದೆ. ಎರಡನೇ ಪುಟ ತೆಗೆದು ನೋಡಿ. ‘ಸಂಪಾದನೆ’ ಎಂದಿದೆ, ಅದರ ಮುಂದೆ ಖಾಲಿ. ಯಾರು ಎಂದು ಕೇಳಬೇಕೆನಿಸಿದರೆ ವಾಡಿಗೆ ಬನ್ನಿ. ನಮ್ಮ ಅಂಗಡಿ ಸ್ಟೇಷನ್ ರಸ್ತೆಯಲ್ಲೇ ಇದೆ.