ಅಡುಗೆಮನೆಯ ಎರಡನೇ ಗಡಿಯಾರ

ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ತುಂಬುವುದು. ನಲ್ಲಿ ನಿಲ್ಲುವ ಮೊದಲು ಡ್ರಮ್ಮು, ಬಕೆಟ್ಟು, ಕೊನೆಗೆ ಸಿಕ್ಕಿದ ಪಾತ್ರೆಗಳನ್ನೆಲ್ಲ ತುಂಬಿಸಿಕೊಳ್ಳುವುದು. ಹಾಲಿನ ಮೇಲೊಂದು ಕಣ್ಣು, ಗಂಡನ ಅಂಗಿಯ ಇಸ್ತ್ರಿಯ ಮೇಲೊಂದು ಕಣ್ಣು. ತರಕಾರಿ ಹೆಚ್ಚುವುದು, ಅನ್ನಕ್ಕಿಡುವುದು, ಮಗಳು ಅರೆನಿದ್ದೆಯಲ್ಲಿ ತೂಗಾಡುತ್ತಿರುವಾಗಲೇ ಅವಳ ಜಡೆ ಹೆಣೆದು ಮುಗಿಸುವುದು. ಎಲ್ಲರ ಊಟದ ಡಬ್ಬಿ ಕಟ್ಟಿ, ಉಳಿದದ್ದನ್ನು ತನ್ನ ಡಬ್ಬಿಗೆ ಬಳಿದುಕೊಳ್ಳುವುದು. ಇಷ್ಟರ ನಡುವೆ ಫೋನು ಒಂದೇ ಒಂದು ಸಲ ಗುಂಯ್ ಎಂದು ಸುಮ್ಮನಾಗಬೇಕು. ಅದಾದರೆ ಮಾತ್ರ ಕಾಲರ್ ಅಕ್ಕನಿಗೆ ಬೆಳಗಾದ ಹಾಗೆ.

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ ಕಾಲರ್ ಕೂರಿಸುವುದು. ಗೇಟಿನ ಕಾವಲುಗಾರನಿಂದ ಹಿಡಿದು ಸೂಪರ್‌ವೈಸರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಕಾಲರ್ ಅಕ್ಕ. ನಿಜಕ್ಕೂ ಅವಳನ್ನು ಅಕ್ಕ ಎನ್ನಬೇಕಾದವಳು ಮಾತ್ರ ಸಮುದ್ರದಾಚೆಯ ಒಂದು ದೇಶದಲ್ಲಿ, ಯಾರದೋ ಮನೆಯಲ್ಲಿದ್ದಾಳೆ. ಅಮ್ಮ ಸತ್ತಾಗ ಆ ತಂಗಿಗೆ ಇನ್ನೂ ನೆಟ್ಟಗೆ ಮಾತು ಬರುತ್ತಿರಲಿಲ್ಲ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಕ್ಕ ಅಡುಗೆ ಕಲಿತದ್ದು. ಈಗ ತಂಗಿ ಅಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕನನ್ನು ನೋಡಿಕೊಳ್ಳುತ್ತಾಳೆ. ಉಣಿಸುತ್ತಾಳೆ, ತೊಳೆಯುತ್ತಾಳೆ, ಮಗ್ಗುಲು ಬದಲಾಯಿಸುತ್ತಾಳೆ.

"ನೀನು ಅತ್ತೆಗೆ ಮಾಡೋದನ್ನೇ ನಾನು ಇಲ್ಲಿ ಮಾಡೋದು ಅಕ್ಕಾ," ಎಂದು ಒಮ್ಮೆ ನಕ್ಕಿದ್ದಳು. "ನನಗೆ ಸಂಬಳ ಕೊಡ್ತಾರೆ, ನಿನಗೆ ಬೈಗುಳ ಕೊಡ್ತಾರೆ."

ಅಲ್ಲಿ ಮನೆಯೊಡತಿ ಒಂಬತ್ತಕ್ಕೆ, ಇಲ್ಲಿ ಇನ್ನೂ ನಸುಕಿರುವಾಗ, ಕೆಲಸಕ್ಕೆ ಹೊರಡುತ್ತಾಳೆ. ಅವಳ ಕಾರು ತಿರುವು ದಾಟಿದ ಕೂಡಲೇ ತಂಗಿಯದೊಂದು ಮಿಸ್ಡ್ ಕಾಲ್. ಒಮ್ಮೆ ಗುಂಯ್ ಎಂದು ನಿಂತರೆ ಕ್ಷೇಮ. ನಿಲ್ಲದೆ ಹೊಡೆದುಕೊಂಡರೆ ಮಾತಾಡುವುದಿದೆ.

ಅಲ್ಲಿ ಒಂಬತ್ತಾದರೆ ಇಲ್ಲಿ ಎಷ್ಟು ಎಂಬುದು ಮೊದಮೊದಲು ದೊಡ್ಡ ತಲೆನೋವಾಗಿತ್ತು. ಮಗಳು ಫೋನಿನಲ್ಲಿ ಲೋಕದ ಊರುಗಳ ಹೊತ್ತನ್ನೆಲ್ಲ ತೋರಿಸುವ ಗಡಿಯಾರದ ಪುಟ ತೆರೆದುಕೊಟ್ಟಳು. ಮೇಲಿನ ಸಾಲಿನಲ್ಲಿ ನಮ್ಮೂರು, ಕೆಳಗಿನ ಸಾಲಿನಲ್ಲಿ ಚಿಕ್ಕಮ್ಮನ ಊರು. ಗಂಟೆ ಬೇರೆ ಬೇರೆ, ಸೆಕೆಂಡುಗಳು ಮಾತ್ರ ಎರಡು ಸಾಲಿನಲ್ಲೂ ಕೂಡಿಕೊಂಡೇ ಓಡುತ್ತಿದ್ದವು. ಅದನ್ನು ನೋಡುತ್ತ ಅವಳು ಒಲೆಯ ಮೇಲಿನ ಹಾಲನ್ನು ಉಕ್ಕಿಸಿದ್ದೂ ಉಂಟು. ಕಡೆಗೆ, ಒದ್ದೆ ಕೈಯಲ್ಲಿ ಫೋನು ಮುಟ್ಟುವ ರಗಳೆಯೇ ಬೇಡವೆಂದು ಮೂಲೆಗೆ ಬಿದ್ದಿದ್ದ ಅಲಾರಾಂ ಗಡಿಯಾರವನ್ನು ಒರೆಸಿ, ತಂಗಿಯ ಊರಿನ ಹೊತ್ತಿಗೆ ತಿರುಗಿಸಿ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಆಮೇಲೆ ಫೋನಿನ ಪುಟವನ್ನು ತೆರೆಯುವ ಪ್ರಮೇಯವೇ ಬರಲಿಲ್ಲ.

"ಈ ಮನೇಲಿ ದಿನಾ ಎರಡು ಸಲ ಬೆಳಗಾಗುತ್ತೆ," ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. "ಕಾಫಿ ಮಾತ್ರ ಒಂದೇ ಸಲ."

ನಿನ್ನೆ ಭಾನುವಾರ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ನಿಲ್ಲದೆ ಹೊಡೆದುಕೊಂಡಿತ್ತು.

"ಅಕ್ಕಾ, ಯಜಮಾನಿಯ ತಮ್ಮ ಬಂದು ಕೂತಿದ್ದಾನೆ. ಯಾವಾಗ ಹೋಗ್ತಾನೋ ಗೊತ್ತಿಲ್ಲ. ನನ್ನ ರೂಮಿಗೆ ಚಿಲಕ ಇಲ್ಲ. ಹಾಕಿಸಿಕೊಡಿ ಅಂದ್ರೆ, ನಿನ್ನ ಹತ್ರ ಕದಿಯೋಕೆ ಏನಿದೆ ಅಂತ ನಕ್ಕುಬಿಟ್ಟರು. ಬಕೆಟ್ ತುಂಬ ನೀರು ತುಂಬಿಸಿ ಬಾಗಿಲಿಗೆ ಒತ್ತಿಟ್ಟು ಮಲಗ್ತಿದೀನಿ."

"ಬಕೆಟ್ಟು ಏನು ತಡೆಯುತ್ತೇ, ಹುಚ್ಚಿ?"

"ತಡೆಯಲ್ಲ. ಉರುಳಿದ್ರೆ ಸದ್ದಾಗುತ್ತಲ್ಲ, ಎಚ್ಚರ ಆಗುತ್ತೆ."

ಆಮೇಲೆ ಅಲ್ಲಿನ ಒಂದು ಸಂಘದ ನಂಬರು ಹೇಳಿ ಬರೆಸಿದ್ದಳು. ಪಕ್ಕದ ಮನೆಗೆ ನಾಯಿ ನೋಡಿಕೊಳ್ಳಲು ಬರುವ ಹೆಂಗಸು ಕೊಟ್ಟದ್ದಂತೆ. ಮನೆಗೆಲಸದ ಹೆಂಗಸರಿಗೆ ಕಷ್ಟ ಬಂದರೆ ಆ ಸಂಘದವರು ಪೊಲೀಸರನ್ನು ಕರೆದುಕೊಂಡು ಬಾಗಿಲಿಗೇ ಬರುತ್ತಾರಂತೆ. ನಮ್ಮ ಮಾತು ಬಲ್ಲ ಒಬ್ಬಳೂ ಅಲ್ಲಿದ್ದಾಳಂತೆ.

"ನಾನು ರಿಂಗ್ ಕೊಡದಿದ್ದ ದಿನ ನೀನು ಇದಕ್ಕೆ ಮಾಡು. ಆದ್ರೆ ನೋಡು, ಅವರು ಒಂದು ಸಲ ಬಾಗಿಲಿಗೆ ಬಂದರೆ ಮತ್ತೆ ನನಗೆ ಈ ಊರಲ್ಲಿ ಯಾವ ಮನೇಲೂ ಕೆಲಸ ಇಲ್ಲ. ಸುಮ್ ಸುಮ್ನೆ ಮಾಡಬೇಡ. ಮಾಡೋ ಹಾಗಿದ್ರೆ ಕಾಯಬೇಡ."

ಇಂದು ಅಲಾರಾಂ ಗಡಿಯಾರ ಒಂಬತ್ತು ತೋರಿಸಿತು. ಕಿಟಕಿಯಾಚೆ ಇನ್ನೂ ಕತ್ತಲೆ. ಫೋನು ಸುಮ್ಮನಿತ್ತು.

ಅವಳು ಹೆಚ್ಚುತ್ತಿದ್ದ ಬದನೆಕಾಯಿಯನ್ನು ಹಾಗೇ ಬಿಟ್ಟು ನಿಂತಳು. ಗುಂಯ್ ಎನ್ನುವ ಸದ್ದು ಫ್ರಿಜ್ಜಿನದು. ಮತ್ತೆ ಗುಂಯ್ ಎಂದದ್ದು ಬೀದಿಯಲ್ಲಿ ಹೋದ ಹಾಲಿನ ಗಾಡಿ. ಅನ್ನದ ತಳ ಹಿಡಿದ ವಾಸನೆ ಬಂದಾಗಲೇ ಅವಳಿಗೆ ಕೈಕಾಲು ಆಡಿದ್ದು.

"ರೀ, ಏಳ್ರೀ. ಅವಳ ರಿಂಗ್ ಬರಲಿಲ್ಲ."

ಗಂಡ ಹೊದಿಕೆಯೊಳಗಿಂದಲೇ, "ಆ ಮುದುಕ ಎಚ್ಚರ ಆಗಿರ್ತಾನೆ, ಬಿಡೇ," ಎಂದ.

ಹಿಂದೊಮ್ಮೆ ಹೀಗೇ ಗಾಬರಿಯಾಗಿ ಅವಳೇ ತಂಗಿಗೆ ಫೋನು ಮಾಡಿದ್ದಳು. ಎತ್ತಿದ್ದು ಮನೆಯೊಡತಿ. ತಂಗಿಯ ಫೋನು ಬೀರುವಿನೊಳಗೆ ಸೇರಿ, ಅದು ಮರಳಿ ಅವಳ ಕೈಗೆ ಬರುವವರೆಗೆ ಅಕ್ಕ ಇಲ್ಲಿ ಎಷ್ಟು ಕಾಲರುಗಳನ್ನು ತಿರುವುಮುರುವಾಗಿ ಹೊಲಿದಳೋ. ಹಾಗಾಗಿ ಈಗ ಬೆರಳು ತಂಗಿಯ ನಂಬರಿನ ಮೇಲೆ ಹೋಗಿ ಹಿಂದೆ ಬಂತು. ಏನು ಮಾಡುವುದೆಂದು ತೋಚದೆ ಫೋನಿನಲ್ಲಿ ಆ ಹಳೆಯ ಗಡಿಯಾರದ ಪುಟ ತೆರೆದಳು.

ಕೆಳಗಿನ ಸಾಲಿನಲ್ಲಿ ಎಂಟು ದಾಟಿತ್ತು, ಅಷ್ಟೇ. ಅಲಾರಾಂ ಗಡಿಯಾರದಲ್ಲಿ ಒಂಬತ್ತು ದಾಟಿತ್ತು.

ಪುಟ ಮುಚ್ಚಿ ತೆರೆದಳು. ಮತ್ತೂ ಎಂಟೇ. ಫೋನನ್ನು ಗಂಡನ ಮುಖಕ್ಕೆ ಹಿಡಿದಳು. ಅವನು ಒಂದೇ ಕಣ್ಣು ತೆರೆದು ನೋಡಿದ.

"ಅಲ್ಲಿ ಚಳಿಗಾಲ ಬರೋ ಮುಂಚೆ ಗಡಿಯಾರಗಳನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ನಿನ್ನೆ ಭಾನುವಾರ ತಿರುಗಿಸಿರಬೇಕು. ಟೀವೀಲಿ ತೋರಿಸಿದ್ರು. ನೀನು ನೋಡಿದ್ರೆ ಆ ಡಬ್ಬಾ ಗಡಿಯಾರ ನಂಬಿಕೊಂಡಿದೀಯಾ."

"ಹೊತ್ತನ್ನ ಹಾಗೆ ತಿರುಗಿಸೋಕೆ ಆಗುತ್ತೇನ್ರೀ?"

"ಸರ್ಕಾರ ಮನಸ್ಸು ಮಾಡಿದ್ರೆ ಏನು ತಾನೆ ಆಗಲ್ಲ?"

ಪಕ್ಕದ ಕೋಣೆಯಿಂದ ಅತ್ತೆ, "ನನ್ನ ಮಂಡೀನೂ ಒಂದಿಪ್ಪತ್ತು ವರ್ಷ ಹಿಂದಕ್ಕೆ ತಿರುಗಿಸಲಿ ನೋಡೋಣ!" ಎಂದು ಕೂಗಿದರು.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಹಾಗಾದರೆ ಒಡತಿ ಇನ್ನೂ ಹೊರಟಿಲ್ಲ. ಯಾರಿಗೂ ಏನೂ ಆಗಿಲ್ಲ. ತಳ ಹಿಡಿದ ಅನ್ನದ ಮೇಲ್ಪದರವನ್ನು ಹುಷಾರಾಗಿ ತೆಗೆದು ಡಬ್ಬಿ ಕಟ್ಟಿದಳು, ಸೀದದ್ದನ್ನು ತನಗಿಟ್ಟುಕೊಂಡಳು. ಜಡೆ ಹೆಣೆಯುವಾಗ ಮಗಳು, "ಅಮ್ಮಾ, ಎಳೀಬೇಡ," ಎಂದಾಗ ಬಿಚ್ಚಿ, ಸಡಿಲವಾಗಿ ಮತ್ತೆ ಹೆಣೆದಳು.

ಬೆಳಕು ಹರಿಯಿತು. ಫೋನಿನ ಕೆಳಗಿನ ಸಾಲಿನಲ್ಲಿ ಒಂಬತ್ತಾಯಿತು.

ಈಗ ಕಾರು ಹೊರಟಿರುತ್ತದೆ. ಈಗ ತಿರುವು ದಾಟಿರುತ್ತದೆ. ಈಗ.

ಫೋನು ಸುಮ್ಮನಿತ್ತು. ಸೆಕೆಂಡುಗಳು ಎರಡು ಸಾಲಿನಲ್ಲೂ ಓಡುತ್ತಲೇ ಇದ್ದವು.

"ಬಂತಾ?" ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ.

"ಇಲ್ಲ."

"ಚಾರ್ಜ್ ಹೋಗಿರುತ್ತೆ. ಇಲ್ಲ ಅಂದ್ರೆ ಒಡತಿ ಇವತ್ತು ರಜ ಹಾಕಿರ್ತಾಳೆ. ಗಡಿಯಾರದ ವಿಷಯದಲ್ಲಿ ಆದ ಹಾಗೇ ಆಗುತ್ತೆ ನೋಡು, ಸುಮ್ನೆ ಹೆದರಿದ್ದು ಅನ್ಸುತ್ತೆ. ಪೊಲೀಸು ಗಿಲೀಸು ಅಂತ ಹೋಗಿ ಅವಳ ಅನ್ನಕ್ಕೆ ಕಲ್ಲು ಹಾಕಬೇಡ. ಸಂಜೆ ನೋಡೋಣ." ಅವನು ಚಪ್ಪಲಿ ಮೆಟ್ಟಿ ಹೊರಟ.

ಸಂಜೆ. ಕಾರ್ಖಾನೆಯಲ್ಲಿ ಗೇಟಿನ ಪೆಟ್ಟಿಗೆಗೆ ಫೋನು ಹಾಕಿ ಒಳಗೆ ಹೋದರೆ ಅದು ಕೈಗೆ ಬರುವುದು ಸಂಜೆಗೇ. ಅಷ್ಟರಲ್ಲಿ ಅಲ್ಲಿ ಕತ್ತಲಾಗಿ, ಚಿಲಕವಿಲ್ಲದ ಬಾಗಿಲ ಹಿಂದೆ ಬಕೆಟ್ಟು ಇಡುವ ಹೊತ್ತಾಗಿರುತ್ತದೆ. ಬಕೆಟ್ಟು ನಿನ್ನೆ ರಾತ್ರಿಯೇ ಉರುಳಿದ್ದರೆ? ಸದ್ದಾಗಿ, ಆ ಸದ್ದು ಕೇಳಿಯೂ ಆ ಮನೆಯಲ್ಲಿ ಯಾರೂ ಏಳದಿದ್ದರೆ?

ಇಲ್ಲವೇ ಚಾರ್ಜ್ ಹೋಗಿದ್ದರೆ? ಮುದುಕನಿಗೆ ಉಣಿಸುತ್ತ ಕೂತವಳ ಮುಂದೆ ಪೊಲೀಸರು ಬಂದು ನಿಂತರೆ? "ಅಕ್ಕಾ, ಎಂಥ ಕೆಲಸ ಮಾಡಿದೆ," ಎಂದು ಅವಳು ಜನ್ಮವಿಡೀ ಅಂದರೆ?

ಬೀದಿಯ ತುದಿಯಲ್ಲಿ ಕಾರ್ಖಾನೆಯ ವ್ಯಾನು ಹಾರ್ನ್ ಹೊಡೆಯಿತು.

"ಏನಮ್ಮಾ, ವ್ಯಾನು ಬಂತು!" ಅತ್ತೆ ಕೂಗಿದರು. "ನನ್ನ ಚೀಲ ತಣ್ಣಗಾಗಿದೆ, ಬಿಸಿನೀರು ಹಾಕಿಟ್ಟು ಹೋಗು."

ಅವಳು ಫೋನು ಹಿಡಿದುಕೊಂಡು ಹಿತ್ತಿಲ ಬಾಗಿಲು ತೆಗೆದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದಳು. ನಸುಕಿನಲ್ಲಿ ತುಂಬಿಸಿಟ್ಟ ಬಕೆಟ್ಟುಗಳು ಅಲ್ಲಿ ಸಾಲಾಗಿದ್ದವು. ಒಂದರ ಅಂಚನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದಳು. ಬಕೆಟ್ಟು ಸಲೀಸಾಗಿ ಸರಿಯಿತು. ನೀರು ತುಳುಕಿತೇ ಹೊರತು ಸದ್ದೇ ಆಗಲಿಲ್ಲ.

ವ್ಯಾನು ಇನ್ನೊಮ್ಮೆ ಹಾರ್ನ್ ಹೊಡೆದು, ಒಂದು ಗಳಿಗೆ ಕಾದು, ಹೊರಟುಹೋಯಿತು.

ತಂಗಿ ಬರೆಸಿದ್ದ ನಂಬರನ್ನು ಒಂದೊಂದೇ ಅಂಕಿ ನೋಡಿಕೊಂಡು ಒತ್ತಿದಳು. ಆ ಕಡೆ ರಿಂಗ್ ಆಗತೊಡಗಿತು. ಒಂದೇ ರಿಂಗಿಗೆ ನಿಲ್ಲಿಸಿಬಿಡಬಹುದಿತ್ತು. ಅವಳು ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ತಂಗಿಯ ಮನೆಯ ವಿಳಾಸವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿಂತಳು.