ಟ್ರಾಮ್ ಕಾಕಾನ ಹಿಮ್ಮಡಿ

ಟ್ರಾಮ್ ಕಾಕಾನ ಬಲಗಾಲಿನ ಹಿಮ್ಮಡಿ ನೋಡಿದವರು ಅದನ್ನು ಮನುಷ್ಯನ ಅಂಗ ಎಂದು ಒಪ್ಪುತ್ತಿರಲಿಲ್ಲ. ಒರಳುಕಲ್ಲಿನ ಒಂದು ಮೂಲೆ ಒಡೆದು ತಂದು ಕಾಲಿಗೆ ಅಂಟಿಸಿದ ಹಾಗಿತ್ತು. ಕರ್ರಗೆ, ದುಂಡಗೆ, ನಾಲ್ಕೂ ಕಡೆ ಬಿರುಕು. ಅದಕ್ಕೆ ಜಾಲಿಮುಳ್ಳು ಚುಚ್ಚಿದರೆ ಮುರಿಯುತ್ತಿದ್ದದ್ದು ಮುಳ್ಳು.

ಮುಂಬಯಿಯ ಬೀದಿಗಳಲ್ಲಿ ಹಳಿಯ ಮೇಲೆ ಓಡುವ ಗಾಡಿಗೆ ಟ್ರಾಮ್ ಎನ್ನುತ್ತಾರೆ. ಅದನ್ನು ನಡೆಸುವವನ ಕಾಲ ಕೆಳಗೆ ಒಂದು ಕಬ್ಬಿಣದ ಗುಬುಟು ಇರುತ್ತದಂತೆ. ಹಿಮ್ಮಡಿಯಿಂದ ಕುಟ್ಟಿದರೆ ಢಣ್ ಎಂದು ಗಂಟೆ ಹೊಡೆಯುತ್ತದೆ, ಹಳಿಯ ಮೇಲೆ ಅಡ್ಡ ನಿಂತವರು ಸರಿಯುತ್ತಾರೆ. ಕಾಕಾ ಹದಿನೆಂಟು ವರ್ಷ ಅದನ್ನೇ ಕುಟ್ಟಿ ನಮ್ಮೂರು ಗಜೇಂದ್ರಗಡಕ್ಕೆ ವಾಪಸು ಬಂದಿದ್ದ. ಟ್ರಾಮ್ ಮುಂಬಯಿಯಲ್ಲೇ ಉಳಿಯಿತು. ಕುಟ್ಟುವುದು ಮಾತ್ರ ಅವನ ಜೊತೆಗೇ ಬಂತು. ಚಹಾ ಆರಿದ್ದರೆ ಒಂದು ಕುಟ್ಟು. ಯಾರಾದರೂ ಸುಳ್ಳು ಹೇಳಿದರೆ ಎರಡು. ಅವನು ಮೂರನೆಯದನ್ನು ಕುಟ್ಟಿದರೆ ನಮ್ಮ ಮನೆಯ ಮಗ್ಗದಿಂದ ಲಾಳಿ ಹಾರಿ ಬೀಳುತ್ತಿತ್ತು. ನಮ್ಮದೂ ಅವನದೂ ಒಂದೇ ಗೋಡೆ. ಕಾಕಾ ಎಂದು ಕರೆಯುತ್ತಿದ್ದೆವೇ ಹೊರತು ರಕ್ತಸಂಬಂಧ ಏನೂ ಇರಲಿಲ್ಲ. ನಮ್ಮನ್ನು ಬೈಯಲು ಅವನಿಗೆ ರಕ್ತಸಂಬಂಧ ಬೇಕೂ ಇರಲಿಲ್ಲ.

ಮೊದಲು ನಾವೆಲ್ಲ ನೇಕಾರರು ಹಳೇ ಪ್ಯಾಟೆಯಲ್ಲೇ ಇದ್ದೆವು. ಬೆಳಿಗ್ಗೆ ಬೀದಿಯ ಉದ್ದಕ್ಕೂ ಹಾಸು ಹೂಡುತ್ತಿದ್ದೆವು, ಅಂದರೆ ಸೀರೆಯ ಉದ್ದದ ನೂಲನ್ನು ಕೋಲುಗಳ ಮೇಲೆ ಎಳೆದು ಕಟ್ಟಿ ಗಂಜಿ ಹಚ್ಚಿ ಒಣಗಿಸುವುದು. ಅದರಿಂದ ಅಂಗಡಿಗಳಿಗೆ ಗಾಡಿ ಬರುವುದಕ್ಕೆ ತೊಂದರೆ ಎಂದು ವ್ಯಾಪಾರಸ್ಥರು ಒಂದು ಕಮಿಟಿ ಮಾಡಿದರು. ನಮ್ಮನ್ನು ಗುಡ್ಡದ ಆಚೆ, ಒಂದೂವರೆ ಮೈಲು ದೂರದ ಹೊಸ ಓಣಿಗೆ ಕಳಿಸಿದರು. ಕಮಿಟಿಯ ಅಧ್ಯಕ್ಷರು ನಮ್ಮ ಸೀರೆಗಳನ್ನೇ ಮಾರುವ ದೊಡ್ಡ ಸಾಹುಕಾರರು. "ಹೋಗಿ ಬರಾಕ ಪಕ್ಕಾ ವ್ಯವಸ್ಥಾ ಮಾಡ್ತೀವಿ, ಚಿಂತಿ ಬಿಡ್ರಿ," ಎಂದು ಎಲ್ಲರ ಎದುರು ಮಾತು ಕೊಟ್ಟರು. ಮಾತು ಕೊಟ್ಟ ಮೇಲೆ ಅವರೂ ಚಿಂತೆ ಬಿಟ್ಟರು.

ಹೊಸ ಓಣಿಯಲ್ಲಿ ಗಾಳಿ ಚೆನ್ನಾಗಿತ್ತು. ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾವು ಕಲಿಯುವ ಸಾಲಿ ಹಳೇ ಪ್ಯಾಟೆಯಲ್ಲೇ ಉಳಿಯಿತು. ದಾರಿಯಲ್ಲಿ ಜಾಲಿಕಂಟಿ, ಕಲ್ಲು ಒಡೆಯುವ ಹಳ್ಳ, ಹಳ್ಳದ ದಂಡೆಯಲ್ಲಿ ಕುಳಿತು ಹುಡುಗಿಯರನ್ನು ಕಂಡರೆ ಸಿಳ್ಳೆ ಹಾಕುವ ನಾಲ್ಕು ಪುಂಡರು. ಗಂಡುಹುಡುಗರು ಕುಣಿಯುತ್ತಾ ಸಾಲಿಗೆ ಹೋದರು. ನಾವು ಆರು ಜನ ಹುಡುಗಿಯರು ಮನೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿದೆವು. ನಾನು ಆಗಷ್ಟೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ತಾಲೂಕಿಗೇ ಗೊತ್ತಾಗುವ ಹಾಗೆ ಪಾಸಾಗಿದ್ದೆ. ಗೊತ್ತಾಗುವಂತೆ ಮಾಡಿದವಳೂ ನಾನೇ. ಮುಂದೆ ಓದಬೇಕೆಂದು ಅಪ್ಪನ ಹತ್ತಿರ ಅತ್ತು, ಕರೆದು, ಒಂದು ಹೊತ್ತು ಊಟ ಬಿಟ್ಟು ಕೂತೆ.

"ಆ ದಾರ್ಯಾಗ ಒಬ್ಬಾಕಿನ್ನ ಹ್ಯಾಂಗ ಕಳಸಲಿ?" ಎಂದ ಅಪ್ಪ. "ಟ್ರಾಮ್ ಬಂದ ದಿನ ಸಾಲಿಗೆ ಹೋಗುವಂತಿ, ಹೋಗು."

ಅಪ್ಪ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಗೋಡೆಯ ಆಚೆ ಕಾಕಾ ಟ್ರಾಮಿನ ಯೋಜನೆ ಶುರು ಮಾಡಿದ್ದ. ಮುಂಬಯಿಯ ಹಾಗೆ ಓಡಿಸಲು ನಮ್ಮೂರಲ್ಲಿ ಕರೆಂಟು ಎಲ್ಲಿತ್ತು? ಅದಕ್ಕೇ ಹೊಸ ಓಣಿಯಿಂದ ಹಳೇ ಪ್ಯಾಟೆಯವರೆಗೆ ಹಳಿ, ಹಳಿಯ ಮೇಲೆ ಎತ್ತು ಎಳೆಯುವ ಟ್ರಾಮ್. ಮುಂಬಯಿಯಲ್ಲೂ ಮೊದಲು ಕುದುರೆಗಳೇ ಎಳೆಯುತ್ತಿದ್ದವಂತೆ. ನಾಲ್ಕು ಸ್ಟಾಪು, ಹೆಂಗಸರಿಗೆ ಬೇರೆ ಬೆಂಚು, ಸೀರೆಯ ಗಂಟುಗಳಿಗೆ ಮೇಲೆ ಕಟಕಟೆ. ವೇಳಾಪಟ್ಟಿಯಲ್ಲಿ ಎತ್ತು ಉಚ್ಚೆ ಹೊಯ್ಯಲು ಎರಡು ನಿಮಿಷ ಬೇರೆ ಬರೆದಿದ್ದ. ನಾನು ನಕ್ಕೆ.

"ನಗತಿ? ಮುಂಬೈ ಟ್ರಾಮು ಕರೆಂಟ್ ಹೋದ್ರ ಅರ್ಧಾತಾಸು ನಿಲ್ತಿತ್ತು. ನಮ್ಮ ಎತ್ತು ಎರಡ ನಿಮಿಷ ನಿಂತ್ರ ನಿನಗ ನಗಿ ಬರತೈತಿ?" ಢಣ್.

ದಾರಿಯ ಅಳತೆ ಬೇಕಿತ್ತು. ನಮ್ಮಲ್ಲಿ ಸರಪಳಿ ಎಲ್ಲಿಂದ ಬರಬೇಕು? ನೂಲಿತ್ತು. ಓಣಿಯ ಒಂದೊಂದು ಮನೆಗೂ ಕಾಕಾ ಒಂದೊಂದು ತುಂಡು ದಾರಿ ಹಂಚಿಕೊಟ್ಟ. ಎಲ್ಲರೂ ತಮ್ಮ ತಮ್ಮ ನೂಲು ಎಳೆದು ಮೊಳ ಹಾಕಿ ಲೆಕ್ಕ ಹೇಳಿದರು. ಅಕ್ಷರ ಗುಂಡಗಿದೆ ಎಂದು ಬರೆದುಕೊಂಡವಳು ನಾನು. ಕಾಕಾ ಎಲ್ಲವನ್ನೂ ಕೂಡಿಸಿ, ಒಂದು ಮೊಳಕ್ಕೆ ಒಂದು ಜೋಳದ ಕಾಳಿನಷ್ಟು ಗೆರೆ ಎಂದು ಕಾಗದ ಅಂಟಿಸಿ ಅಂಟಿಸಿ ನಕ್ಷೆ ಬರೆದ. ಬಿಚ್ಚಿದರೆ ಅವನ ಪಡಸಾಲೆ ದಾಟಿ ನಮ್ಮ ಕೊಟ್ಟಿಗೆಗೆ ಬರುತ್ತಿತ್ತು, ನಮ್ಮ ಎಮ್ಮೆ ಮೂರನೆಯ ಸ್ಟಾಪನ್ನು ನೆಕ್ಕಿತು.

ಕಮಿಟಿಯ ಸಭೆಗೆ ನಕ್ಷೆ ಹೊತ್ತುಕೊಂಡು ಅಪ್ಪ, ಕಾಕಾ, ನಾನು ಹೋದೆವು. ಅವರ ಹತ್ತಿರ ಪ್ಯಾಟೆಯ ನಕ್ಷೆ ಮೊದಲೇ ಇತ್ತು. ನಮ್ಮ ಗೆರೆಯನ್ನು ಅದರ ಅಳತೆಗೆ ಇಳಿಸಿ ಮೇಲೆ ಇಟ್ಟು ನೋಡಿದರು. ಗೆರೆ ಪ್ಯಾಟೆಗೆ ಬಂದಿತು. ನಿಲ್ಲಲಿಲ್ಲ. ಚೌಕ ದಾಟಿತು, ಅಧ್ಯಕ್ಷರ ಅಂಗಡಿ ಹೊಕ್ಕಿತು, ಹಣದ ಗಲ್ಲೆ ದಾಟಿ, ದೇವರಮನೆ ಸುತ್ತಿ, ಅವರ ಅಡುಗೆಮನೆಯಲ್ಲಿ ಒಲೆಯ ಹತ್ತಿರ ಹೋಗಿ ನಿಂತಿತು.

"ಏನ್ರೀ ಡ್ರೈವರ್ ಸಾಹೇಬ್ರ," ಎಂದರು ಅಧ್ಯಕ್ಷರು, "ನಿಮ್ಮ ಟ್ರಾಮು ನಮ್ಮ ಅಡಗಿಮನ್ಯಾಗ ಬಂದು ನಿಲ್ತೈತಲ್ರೀ! ಇಳದವ್ರಿಗೆ ರೊಟ್ಟಿ ಬಡಿಯಾಕ ನಮ್ಮಾಕಿಗೆ ಹೇಳಬೇಕೇನು?"

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಕಾನ ಹಿಮ್ಮಡಿ ನೆಲಕ್ಕೆ ಬಿತ್ತು. ಮೇಜಿನ ಮೇಲಿನ ಮಸಿಕುಡಿಕೆ ಒಂದು ಗೇಣು ಹಾರಿತು. ಒಂದು ಗೇಣೇ, ನಾನು ನೋಡಿದ್ದೇನೆ.

"ಬಡದ್ರ ತಪ್ಪೇನೈತ್ರಿ? ನಾವು ನೇಯ್ದ ಸೀರಿ ಮಾರೇ ಕಟ್ಟಿದ ಮನಿ ಅದು. ಗೆರಿ ತಪ್ಪೈತಿ, ಒಪಗೊಂತೀನಿ. ಮಾತು ಯಾರು ತಪ್ಪಿದ್ರು? ಅದನ್ನೂ ಒಂದ್ಸಲ ಅಳೀರಿ!"

ಮಾತನ್ನು ಯಾರೂ ಅಳೆಯಲಿಲ್ಲ. 'ಅಳತೆ ತಿಳಿಯದವರ ಅರ್ಜಿ' ಎಂದು ಬರೆದು ನಕ್ಷೆಯನ್ನು ಸುರುಳಿ ಸುತ್ತಿ ಕೊಟ್ಟರು. ಅಷ್ಟು ಹೊತ್ತಿಗೆ ಚಹಾ ಬಂತು. ಅವರಿಗೆ ಮಾತ್ರ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿವೆ.

ತಪ್ಪು ಎಲ್ಲಿ ಆಯಿತು ಎಂಬುದು ವಾಪಸು ಬರುವ ದಾರಿಯಲ್ಲಿ ಗೊತ್ತಾಯಿತು. ನೇಕಾರ ಹಾಸಿನ ಅಳತೆ ಹೇಳುವಾಗ ಇದ್ದದ್ದಕ್ಕಿಂತ ಎರಡು ಮೊಳ ಹೆಚ್ಚು ಹೇಳುತ್ತಾನೆ. ಮಗ್ಗದ ಮೇಲಿನ ಹಳೇ ನೂಲಿಗೆ ಹೊಸ ನೂಲನ್ನು ಗಂಟು ಹಾಕುವಾಗ ತುದಿ ಹಾಳಾಗುತ್ತದೆ, ಅದಕ್ಕೆ. ಓಣಿಯ ಪ್ರತಿ ಮನೆಯೂ ತನ್ನ ತುಂಡು ದಾರಿಗೆ ಗಂಟಿನ ಮೊಳ ಸೇರಿಸಿ ಹೇಳಿತ್ತು. ಹತ್ತು ವರ್ಷದವನಿದ್ದಾಗಲೇ ಮಗ್ಗ ಬಿಟ್ಟು ಓಡಿದ್ದ ಕಾಕಾನಿಗೆ ಅದು ಮರೆತಿತ್ತು. ಬರೆದುಕೊಂಡ ನನಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಗಂಟಿಲ್ಲದ ಅಳತೆಯನ್ನು ನಾನು ಕೇಳಿಯೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು, ಆರು ಮೊಳ, ಸೇರಿಸಿದವನು ನಮ್ಮ ಅಪ್ಪ.

"ಗಂಟಿಗೆ ಬಿಡಬೇಕಲ್ಲೋ ಮತ್ತ?" ಎಂದ ಅಪ್ಪ, ಪಾಪದವನ ಹಾಗೆ.

"ಹಳಿಗೆ ಗಂಟು ಹಾಕ್ತಾರೇನಲೇ!" ಕಾಕಾ ಕೂಗಿದ ಕೂಗಿಗೆ ಗುಡ್ಡದ ಕೋಟೆಯ ಮೇಲಿನ ಪಾರಿವಾಳಗಳು ದೂರದ ರೋಣ ಊರಿನ ಕಡೆ ಹಾರಿದವು. ಅವು ವಾಪಸು ಬಂದದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದ ಅಪ್ಪ ನನ್ನ ಮುಖ ನೋಡದೆ ಹೇಳಿದ, "ಆತು ಬಿಡವಾ. ಟ್ರಾಮೂ ಇಲ್ಲ, ಸಾಲಿನೂ ಇಲ್ಲ. ಕಂಡಿಕಿ ಸುತ್ತು." ಗೋಡೆಯ ಆಚೆ ಒಂದು ಕುಟ್ಟು ಕೇಳಿತು. ಎರಡು. ಮೂರು. ಮಗ್ಗದಿಂದ ಲಾಳಿ ಹಾರಿ ಬಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಬಾಗಿಲಲ್ಲಿ ಢಣ್. ಹೊರಗೆ ಬಂದರೆ ಕಾಕಾ. ಮೈಮೇಲೆ ಮುಂಬಯಿಯ ಖಾಕಿ ಕೋಟು, ಗುಂಡಿ ಎರಡೇ. ಹೆಗಲ ಮೇಲೆ ಹಾಳಾದ ನೂಲು ಹೊಸೆದು ಮಾಡಿದ ಉದ್ದದ ಹಗ್ಗ. ಹಗ್ಗವನ್ನು ಹಿಡಿದು ಹಿಂದೆ ನಿಂತ ಐದು ಹುಡುಗಿಯರು, ನಿದ್ದೆಗಣ್ಣಲ್ಲಿ.

"ಟ್ರಾಮ್ ಬಂದೈತಿ. ಹತ್ತು," ಎಂದ ನನಗೆ.

ಅಪ್ಪ ಮಗ್ಗ ಬಿಟ್ಟು ಎದ್ದು ಬಂದ. "ಎಲ್ಲೈತೋ ಟ್ರಾಮು?"

"ನಿನ್ನ ಎದುರಿಗೇ ನಿಂತೈತಿ. ಹಳಿ ಮ್ಯಾಗಿಂದ ಸರಿ."

ಟ್ರಾಮ್ ಬಂದ ದಿನ ಹೋಗು ಎಂದು ಮಾತು ಕೊಟ್ಟವನು ಅಪ್ಪ. ಅವನು ಹಗ್ಗ ನೋಡಿದ, ಕೋಟು ನೋಡಿದ, ಹಿಮ್ಮಡಿ ಮೇಲೆ ಏಳುತ್ತಿದ್ದದ್ದನ್ನು ನೋಡಿದ. ಸರಿದ. ಅವ್ವ ಒಳಗಿಂದ ನನ್ನ ಪಾಟಿಚೀಲ ಎಸೆದಳು.

ಅಂದಿನಿಂದ ರಜೆ ಬಿಟ್ಟು ಒಂದು ದಿನವೂ ಆ ಟ್ರಾಮ್ ತಪ್ಪಲಿಲ್ಲ. ನಾಲ್ಕು ಸ್ಟಾಪಿಗೆ ನಾಲ್ಕು ಕಲ್ಲು ಹೂಳಿ ಸುಣ್ಣ ಬಳಿದಿದ್ದ. ಕಲ್ಲಿನ ಹತ್ತಿರ ಯಾರಿಲ್ಲದಿದ್ದರೂ ನಿಲ್ಲಬೇಕು. ಹಳ್ಳದ ಪುಂಡರು ಮೊದಲ ದಿನ ಸಿಳ್ಳೆ ಹಾಕಿದರು. ಕಾಕಾ ನಿಂತ, ಕುಟ್ಟಿದ, ಒಬ್ಬೊಬ್ಬನ ಅಪ್ಪನ ಹೆಸರೂ ಅಜ್ಜನ ಹೆಸರೂ ಹಿಡಿದು ಬೈದ. ಎರಡನೆಯ ದಿನ ಆ ದಂಡೆಯ ಮೇಲೆ ಬರೀ ಕಾಗೆಗಳಿದ್ದವು.

ನಮ್ಮ ಮೇಲೆ ಪ್ರೀತಿಯಿಂದ ಕರೆದೊಯ್ಯುತ್ತಿದ್ದ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಸಿಟ್ಟಿನಿಂದಲೇ ಕರೆದೊಯ್ಯುತ್ತಿದ್ದ. ಪ್ಯಾಟೆ ಬಂದೊಡನೆ ಅಧ್ಯಕ್ಷರ ಅಂಗಡಿಯ ಮುಂದೆ ಬೇಕೆಂದೇ ಐದು ನಿಮಿಷ ನಿಲ್ಲಿಸಿ, "ಕಡೇ ಸ್ಟಾಪ್! ಇಲ್ಲಿಂದ ಮುಂದ ಅಡಗಿಮನಿ!" ಎಂದು ಕೂಗುತ್ತಿದ್ದ. ಅಧ್ಯಕ್ಷರು ಆ ಹೊತ್ತಿಗೆ ಹಿತ್ತಲಲ್ಲಿ ಏನೋ ಹುಡುಕುತ್ತಿರುತ್ತಿದ್ದರು.

ಒಂದು ದಿನ ಜಡೆ ಸರಿಯಾಗಲಿಲ್ಲವೆಂದು ನಾನು ತಡ ಮಾಡಿದೆ. ಟ್ರಾಮ್ ಹೊರಟೇ ಬಿಟ್ಟಿತು. ಓಡಿ ಹೋಗಿ ಹಗ್ಗ ಹಿಡಿದೆ. ಕಾಕಾ ತಿರುಗಿಯೂ ನೋಡಲಿಲ್ಲ.

"ನಡುದಾರ್ಯಾಗ ಹತ್ತೂ ಹಂಗಿಲ್ಲ. ಮುಂದಿನ ಸ್ಟಾಪಿನ್ಯಾಗ ಹತ್ತು."

ಅವರನ್ನೆಲ್ಲ ದಾಟಿ ಓಡಿ, ಮುಂದಿನ ಸುಣ್ಣದ ಕಲ್ಲಿನ ಪಕ್ಕ ಏದುಸಿರು ಬಿಡುತ್ತಾ ನಿಂತೆ. ಟ್ರಾಮ್ ನಿಧಾನಕ್ಕೆ ಬಂತು, ನಿಂತಿತು. "ಹತ್ತವಾ," ಎಂದ, ನನ್ನನ್ನು ಅದೇ ಮೊದಲು ನೋಡಿದವನ ಹಾಗೆ.

ಮೂರನೆಯ ವರ್ಷ ಕಾಕಾ ಜ್ವರ ಬಂದು ಮಲಗಿದ. ಎರಡು ದಿನ ಹಿಮ್ಮಡಿಯ ಸದ್ದಿಲ್ಲದೆ ಓಣಿಗೆ ವೇಳೆಯೇ ತಿಳಿಯಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಹೋಗಿ ಹಾಸಿಗೆಯ ಪಕ್ಕ ನಿಂತೆ. ಕಣ್ಣು ಮುಚ್ಚಿಕೊಂಡೇ ಕೇಳಿದ, "ಎಷ್ಟಾತು?"

"ಎಂಟಾಕ ಬಂತು ಕಾಕಾ."

"ಮತ್ತ ಇಲ್ಲೇನ್ ಮಾಡಾಕತ್ತಿ?"

ನಾನು ಹಗ್ಗ ತೆಗೆದುಕೊಂಡು ಹೊರಟೆ. ಸಂಜೆ ವಾಪಸು ಬಂದಾಗ ಕಾಕಾ ಇರಲಿಲ್ಲ.

ಮಣ್ಣು ಮಾಡುವ ಜಾಗ ಪ್ಯಾಟೆಯ ಆಚೆ. ಹೆಣ್ಣುಮಕ್ಕಳು ಬರಬಾರದು ಎಂದರು. ನಾವು ಆರೂ ಜನ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ನಡೆದೆವು. ನಾಲ್ಕೂ ಕಲ್ಲಿನ ಹತ್ತಿರ ನಿಂತೆವು, ಹೆಗಲು ಕೊಟ್ಟವರೂ ನಿಂತರು. ಚೌಕದಲ್ಲಿ ಅಧ್ಯಕ್ಷರು ಹಾರ ಹಿಡಿದು ರಸ್ತೆಯ ನಟ್ಟನಡುವೆ ನಿಂತಿದ್ದರು. "ಭಾಳ ಚಲೋ ಮನಷ್ಯಾ," ಎಂದು ಶುರು ಮಾಡಿದರು. "ಸ್ವಲ್ಪ ಸಿಟ್ಟಿನಾಂವ, ಅಷ್ಟ. ಆ ಓಣಿಗೆ ರಸ್ತಾ ಆಗಬೇಕು ಅಂತ ನಂದೂ ಭಾಳ ದಿನದ..."

ನನ್ನ ಬಲಗಾಲು ತಾನೇ ಎದ್ದಿತು. ಬರಿಗಾಲು, ಕೆಳಗೆ ಚೌಕಕ್ಕೆ ಹಾಸಿದ ಫರಸಿಕಲ್ಲು. ನೋವು ನೆತ್ತಿಗೆ ಏರಿತು. ಇನ್ನೊಮ್ಮೆ ಕುಟ್ಟಿದೆ. ಮೂರನೆಯ ಸಲ ಹಿಂದಿದ್ದ ಐದೂ ಜನ ಜೊತೆಗೆ ಕುಟ್ಟಿದರು.

ಅಧ್ಯಕ್ಷರು ಹಾರ ಕೈಯಲ್ಲೇ ಹಿಡಿದುಕೊಂಡು ಸರಿದರು.

ರಸ್ತೆ ಇನ್ನೂ ಆಗಿಲ್ಲ. ನಾನು ಈ ವರ್ಷ ಮ್ಯಾಟ್ರಿಕ್. ಹಗ್ಗದ ಹಿಂದೆ ಈಗ ಹನ್ನೊಂದು ಹುಡುಗಿಯರಿದ್ದಾರೆ, ಮುಂದೆ ನಾನಿದ್ದೇನೆ, ಕಡೇ ಸ್ಟಾಪು ಅದೇ ಅಂಗಡಿಯ ಮುಂದೆ. ಮೊನ್ನೆ ಅವ್ವ ನನ್ನ ಬಲಗಾಲು ನೋಡಿ ಗಾಬರಿಯಾದಳು. ಹಿಮ್ಮಡಿ ಗಟ್ಟಿಯಾಗಿ ಕರ್ರಗಾಗಿದೆಯಂತೆ, ನಾಳೆ ಹೆಣ್ಣು ನೋಡಲು ಬಂದವರು ಏನೆಂದಾರು, ದಿನಾ ಕೊಬ್ಬರಿಎಣ್ಣೆ ಹಚ್ಚು ಎಂದು ಬಟ್ಟಲು ತಂದಿಟ್ಟಿದ್ದಾಳೆ.

ನಾನು ಹಚ್ಚುವುದಿಲ್ಲ.